ಧಾರವಾಡದಲ್ಲಿ ಹುಟ್ಟಿದ ಬೌಲರ್: ಬಾಳೂ ಪಲ್ವಣಕರ ಅವರ ಆಟ ಮತ್ತು ಕಾಲ

ಭಾರತದ ಮೊದಲ ದೊಡ್ಡ ಬೌಲರ್ ಎಂದು ಕ್ರಿಕೆಟ್ ಚರಿತ್ರೆ ಗುರುತಿಸುವ ಬಾಳೂ ಪಲ್ವಣಕರ ಹುಟ್ಟಿದ್ದು ಧಾರವಾಡದಲ್ಲಿ, 1876ರ ಸುಮಾರಿಗೆ. ಎಡಗೈ ಸ್ಪಿನ್ನರ್ ಆಗಿದ್ದ ಅವರು 1905–06ರಿಂದ 1920–21ರವರೆಗೆ 33 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿ 179 ವಿಕೆಟ್ ಕಿತ್ತರು. ಪಂದ್ಯವೊಂದಕ್ಕೆ ಐದಕ್ಕೂ ಹೆಚ್ಚು ವಿಕೆಟ್. ಒಂದೊಂದು ವಿಕೆಟ್ಟಿಗೆ ಕೊಟ್ಟ ರನ್ ಸರಾಸರಿ 15.21. ಕೋಮುವಾರು ತಂಡಗಳ ಆ ಕಾಲದಲ್ಲಿ ಹದಿನೈದು ವರ್ಷ ಹಿಂದೂ ತಂಡದ ಬೌಲಿಂಗ್ ಅವರ ಹೆಗಲ ಮೇಲೆ ನಿಂತಿತ್ತು. ಅಷ್ಟಾದರೂ ಆ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಕಾರಣ ಆಟದಲ್ಲಿ ಇರಲಿಲ್ಲ, ಅವರು ಹುಟ್ಟಿದ ಜಾತಿಯಲ್ಲಿತ್ತು.

ಪಲ್ವಣಕರ ಎಂಬ ಅಡ್ಡಹೆಸರು ಕೊಂಕಣ ಕರಾವಳಿಯ ಪಲ್ವಣ ಎಂಬ ಊರಿನಿಂದ ಬಂದದ್ದು. ಕುಟುಂಬ ಚಮ್ಮಾರ ಜಾತಿಗೆ ಸೇರಿತ್ತು. ತೊಗಲು ಹದಮಾಡುವ, ಚಪ್ಪಲಿ ಹೊಲಿಯುವ ಕಸುಬಿನ ಈ ಜನ ಉತ್ತರ ಕರ್ನಾಟಕದಲ್ಲಿ ಸಮಗಾರರೆಂದು ಕರೆಸಿಕೊಳ್ಳುತ್ತಾರೆ. ಆಗ ಧಾರವಾಡ ಮುಂಬಯಿ ಪ್ರಾಂತ್ಯದ ಜಿಲ್ಲಾ ಕೇಂದ್ರ. ಪುಣೆ, ಮುಂಬಯಿಗಳ ಜೊತೆ ಸರಕಾರಿ ನೌಕರಿ, ಸೈನ್ಯ, ವ್ಯಾಪಾರಗಳ ಮೂಲಕ ಅದಕ್ಕೆ ನಿತ್ಯದ ಸಂಪರ್ಕವಿತ್ತು. ಬಾಳೂ ಅವರ ತಂದೆ ಸೈನ್ಯದ ಸೇವೆಯಲ್ಲಿದ್ದುದರಿಂದ ಕುಟುಂಬ ಪುಣೆಗೆ ಹೋಯಿತು. ಹುಡುಗ ಬಾಳೂ ಮತ್ತು ತಮ್ಮ ಶಿವರಾಮ ಕ್ರಿಕೆಟ್ ಕಲಿತದ್ದು ಅಲ್ಲಿನ ದಂಡುಪ್ರದೇಶದಲ್ಲಿ, ಬಿಳಿಯ ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು ಚೆಂಡುಗಳಲ್ಲಿ.

ಬೌಲಿಂಗ್ ಎಂಬ ದುಡಿಮೆ

ಹತ್ತೊಂಬತ್ತನೇ ಶತಮಾನದ ಕೊನೆಯ ಕ್ರಿಕೆಟ್ಟಿನಲ್ಲಿ ಎರಡು ವರ್ಗದ ಆಟಗಾರರಿದ್ದರು. ಹವ್ಯಾಸಕ್ಕೆ ಆಡುವ ಸಿರಿವಂತರು ಒಂದು ಕಡೆ, ಕೂಲಿ ಪಡೆದು ಆಡುವ ವೃತ್ತಿಪರರು ಇನ್ನೊಂದು ಕಡೆ. ಇಂಗ್ಲೆಂಡಿನಲ್ಲಿ ಈ ಎರಡು ವರ್ಗಗಳಿಗೆ ಬಟ್ಟೆ ಬದಲಿಸುವ ಕೋಣೆ ಬೇರೆ, ಮೈದಾನಕ್ಕಿಳಿಯುವ ಬಾಗಿಲೂ ಬೇರೆ ಇದ್ದವು. ಬ್ಯಾಟಿಂಗ್ ಗೌರವದ ಕೆಲಸ. ಇಡೀ ದಿನ ಓಡಿ ಬಂದು ಚೆಂಡೆಸೆಯುವುದು ಮೈಮುರಿಯುವ ದುಡಿಮೆ. ಹಾಗಾಗಿ ಬೌಲಿಂಗಿನ ಭಾರ ಹೆಚ್ಚಾಗಿ ವೃತ್ತಿಪರರ ಪಾಲಿಗೆ ಬರುತ್ತಿತ್ತು, ನಾಯಕತ್ವ ಹವ್ಯಾಸಿಗಳ ಪಾಲಿಗೆ ಹೋಗುತ್ತಿತ್ತು. ಇಪ್ಪತ್ತನೇ ಶತಮಾನದಲ್ಲಿ ವೃತ್ತಿಪರ ಆಟಗಾರನೊಬ್ಬ ಇಂಗ್ಲೆಂಡ್ ತಂಡದ ನಾಯಕನಾಗಲು 1952ರಲ್ಲಿ ಲೆನ್ ಹಟನ್ ಬರುವವರೆಗೆ ಕಾಯಬೇಕಾಯಿತು. ಈ ಭೇದವನ್ನು ಅಳಿಸುವ ತೀರ್ಮಾನವಾದದ್ದು 1962ರಲ್ಲಿ.

ಅದೇ ಕಾಲದ ಅಮೆರಿಕದಲ್ಲಿ ಚಿತ್ರ ಬೇರೆ ಇತ್ತು. ಅಲ್ಲಿ ಬೇಸ್‌ಬಾಲ್ ಆಗಲೇ ಸಂಬಳದ ಆಟವಾಗಿತ್ತು. ಬೌಲರನ ಸ್ಥಾನದಲ್ಲಿ ಅಲ್ಲಿರುವವನು ಪಿಚರ್. 511 ಪಂದ್ಯ ಗೆದ್ದ ಸೈ ಯಂಗ್, 373 ಪಂದ್ಯ ಗೆದ್ದ ಕ್ರಿಸ್ಟಿ ಮ್ಯಾಥ್ಯೂಸನ್ ಅವರಂಥ ಪಿಚರ್‌ಗಳು ಇಡೀ ದೇಶಕ್ಕೆ ಬೇಕಾದವರಾಗಿದ್ದರು. ಕ್ರಿಕೆಟ್ಟು ತೋಳಿನ ಕೆಲಸಕ್ಕೆ ಕೂಲಿ ಕೊಟ್ಟಿತು, ಗೌರವವನ್ನು ತಡೆದಿಟ್ಟಿತು. ಭಾರತಕ್ಕೆ ಬರುವಾಗ ಈ ವರ್ಗಭೇದದ ಮೇಲೆ ಜಾತಿಭೇದವೂ ಕೂತಿತು. ಮೈದಾನ ಗುಡಿಸುವವ, ರೋಲರ್ ಎಳೆಯುವವ, ಸಾಹೇಬರು ಬ್ಯಾಟಿಂಗ್ ಅಭ್ಯಾಸ ಮಾಡುವಾಗ ಚೆಂಡೆಸೆಯುವವ, ಈ ಮೂವರೂ ಹೆಚ್ಚಾಗಿ ಒಬ್ಬನೇ ಕೂಲಿಯವನಾಗಿರುತ್ತಿದ್ದ. ಬಾಳೂ ಅವರ ಆಟ ಶುರುವಾದದ್ದು ಹೀಗೆಯೇ.

ಪುಣೆಯ ನೆಟ್ಟಿನಲ್ಲಿ

ಅವರ ಮೊದಲ ನೌಕರಿ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ಕರೆದಾಗ ಸದಸ್ಯರಿಗೆ ಬೌಲ್ ಮಾಡುವುದು ಅವರ ಕೆಲಸ. ಪಗಾರ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಅದು ನಾಲ್ಕು ರೂಪಾಯಿ ಆಯಿತು. ಅಲ್ಲಿ ಬಲೆ ಕಟ್ಟುವುದು, ಪಿಚ್ಚಿಗೆ ರೋಲರ್ ಹಾಕಿ ಸುಣ್ಣದ ಗೆರೆ ಎಳೆಯುವುದು, ಟೆನಿಸ್ ಅಂಗಳಕ್ಕೆ ಗುರುತು ಹಾಕುವುದು, ಎಲ್ಲವೂ ಅವರ ಪಾಲಿಗಿತ್ತು. ಬಿಡುವಿನಲ್ಲಿ ಅವರೆಸೆದ ಚೆಂಡನ್ನು ಕಂಡ ಸದಸ್ಯರು ತಮ್ಮ ಅಭ್ಯಾಸಕ್ಕೆ ಅವರನ್ನು ಕರೆಯತೊಡಗಿದರು.

ಹೀಗೆ ಕರೆದವರಲ್ಲಿ ಮುಖ್ಯರಾದವರು ಸೈನ್ಯಾಧಿಕಾರಿ ಜೆ. ಜಿ. ಗ್ರೇಗ್. ‘ಜಂಗ್ಲಿ’ ಎಂದು ಕರೆಸಿಕೊಳ್ಳುತ್ತಿದ್ದ ಈ ಗಿಡ್ಡ ಆಳು ಆಗಿನ ಭಾರತದಲ್ಲಿದ್ದ ಯುರೋಪಿಯನ್ ಬ್ಯಾಟ್ಸ್‌ಮನ್‌ಗಳಲ್ಲಿ ಅಗ್ರಗಣ್ಯ. ಇಂಗ್ಲೆಂಡಿನ ಹ್ಯಾಂಪ್‌ಶೈರ್ ಕೌಂಟಿಗೆ ಆಡಿ 1901ರಲ್ಲಿ ಲ್ಯಾಂಕಶೈರ್ ವಿರುದ್ಧ ಔಟಾಗದೆ 249 ರನ್ ಹೊಡೆದವರು. ಗ್ರೇಗ್ ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಳೂ ಅವರಿಂದ ಬೌಲ್ ಮಾಡಿಸಿಕೊಳ್ಳುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬುದು ಪ್ರಸಿದ್ಧ ಮಾತು. ತಿಂಗಳಿಗೆ ನಾಲ್ಕು ರೂಪಾಯಿ ದುಡಿಯುವವನಿಗೆ ಎಂಟಾಣೆ ಎಂದರೆ ಸುಮಾರು ನಾಲ್ಕು ದಿನದ ಪಗಾರ.

ಈ ಏರ್ಪಾಟಿನಿಂದ ಇಬ್ಬರಿಗೂ ಲಾಭವಾಯಿತು. ಗ್ರೇಗ್ ಅವರ ಬ್ಯಾಟಿಂಗ್ ಪಳಗಿತು. ಬಾಳೂ ಅವರಿಗೆ ದೇಶದ ಬಹಳಷ್ಟು ಭಾರತೀಯ ಆಟಗಾರರಿಗೆ ದೊರೆಯದ ಪಾಠ ದೊರೆಯಿತು: ಉತ್ತಮ ಬ್ಯಾಟ್ಸ್‌ಮನ್ ಒಬ್ಬನಿಗೆ ದಿನವೂ ಎದುರಾಗಿ ಗಂಟೆಗಟ್ಟಲೆ ಚೆಂಡೆಸೆಯುವ ಅವಕಾಶ. ಆದರೆ ಆ ಕ್ಲಬ್ಬಿನಲ್ಲಿದ್ದಷ್ಟು ಕಾಲ ಬ್ಯಾಟು ಹಿಡಿಯಲು ಅವರಿಗೆ ಒಮ್ಮೆಯೂ ಅವಕಾಶ ಸಿಗಲಿಲ್ಲ. ನೆಟ್ಟಿನಲ್ಲಿ ಅವರ ಜಾಗ ಚೆಂಡಿನ ಕಡೆಗಷ್ಟೇ ಇತ್ತು.

ಕೈಚಳಕ

ಬಾಳೂ ನಿಧಾನಗತಿಯ ಎಡಗೈ ಸ್ಪಿನ್ನರ್. ಎಡಗೈ ಬೌಲರ್ ಬೆರಳಿನಿಂದ ತಿರುಗಿಸಿ ಬಿಟ್ಟ ಚೆಂಡು ಬಲಗೈ ಬ್ಯಾಟ್ಸ್‌ಮನ್‌ನ ಕಾಲ ಕಡೆಗೆ ಬಂದು ಬೀಳುತ್ತದೆ, ನೆಲ ಮುಟ್ಟಿದ ಮೇಲೆ ಆಫ್ ಸ್ಟಂಪಿನತ್ತ ಹೊರಳುತ್ತದೆ. ಆಡಲು ಮುಂದೆ ಬಂದವನ ಬ್ಯಾಟಿನ ಅಂಚಿಗೆ ತಾಗಿದರೆ ಸ್ಲಿಪ್ಪಿನಲ್ಲಿ ಕ್ಯಾಚು. ತಾಗದೆ ತಪ್ಪಿದರೆ ವಿಕೆಟ್ ಕೀಪರನಿಗೆ ಸ್ಟಂಪಿಂಗ್. ಆದರೆ ಎಲ್ಲ ಚೆಂಡೂ ಒಂದೇ ರೀತಿ ತಿರುಗಿದರೆ ಬ್ಯಾಟ್ಸ್‌ಮನ್ ಬೇಗ ಪಳಗಿಬಿಡುತ್ತಾನೆ. ಬಾಳೂ ಅವರ ಬಲವಿದ್ದದ್ದು ಇಲ್ಲಿಯೇ. ಕೈಯ ಓಟ ಬದಲಿಸದೆ ವೇಗ ಬದಲಿಸುವುದು, ಒಂದನ್ನು ಎತ್ತರಕ್ಕೆ ತೂರಿ ಇನ್ನೊಂದನ್ನು ತಗ್ಗಿಸಿ ಬಿಡುವುದು, ಬೀಳಬೇಕಾದ ಜಾಗವನ್ನು ಒಂದು ಗೇಣೂ ತಪ್ಪದೆ ಹಿಡಿಯುವುದು, ಇವೆಲ್ಲ ಅವರಿಗೆ ಕೈವಶವಾಗಿದ್ದವು. ಇಂಗ್ಲೆಂಡಿನ ಹೆಸರಾಂತ ಎಡಗೈ ಸ್ಪಿನ್ನರ್ ವಿಲ್ಫ್ರೆಡ್ ರೋಡ್ಸ್ ಅವರಿಗೆ ಸಮಕಾಲೀನರು ಬಾಳೂ ಅವರನ್ನು ಹೋಲಿಸುತ್ತಿದ್ದರು.

ರೋಲರ್ ಎಳೆದ ಅನುಭವವೂ ಇದಕ್ಕೆ ಒದಗಿರಬೇಕು. ಯಾವ ಪಿಚ್ ಒಣಗಿದಾಗ ಬಿರುಕು ಬಿಡುತ್ತದೆ, ಯಾವುದು ನೀರು ಹೀರಿ ಚೆಂಡನ್ನು ಹಿಡಿಯುತ್ತದೆ ಎಂಬುದು ಅದನ್ನು ದಿನವೂ ನೀರುಣಿಸಿ ಗುಡಿಸಿದವನಿಗೆ ತಿಳಿದಷ್ಟು ಇನ್ನಾರಿಗೂ ತಿಳಿಯದು.

ಮಣ್ಣಿನ ಕುಡಿಕೆ

ಪುಣೆಯ ಹಿಂದೂಗಳ ಕ್ಲಬ್ಬು ಅಲ್ಲಿನ ಯುರೋಪಿಯನ್ನರನ್ನು ಸೋಲಿಸಲು ಹವಣಿಸುತ್ತಿತ್ತು. ಗೆಲ್ಲಬೇಕಾದರೆ ಬಾಳೂ ಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅಸ್ಪೃಶ್ಯನೊಬ್ಬನನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಕ್ಲಬ್ಬು ಒಡೆಯಿತು. ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಎಂದರು, ಹಲವು ಬ್ರಾಹ್ಮಣ ಸದಸ್ಯರು ಒಲ್ಲೆ ಎಂದರು. ಬಾಳೂ ಅವರ ಬೌಲಿಂಗನ್ನು ಉಪಯೋಗಿಸಿಕೊಳ್ಳದಿರುವುದು ಮೂರ್ಖತನ ಎಂಬ ಅರ್ಥದ ಮಾತನ್ನು ಗ್ರೇಗ್ ಆಡಿದ್ದೂ ಕೆಲಸ ಮಾಡಿತು. ಕೊನೆಗೆ ಗೆಲ್ಲುವ ಆಸೆಯೇ ಮೇಲಾಗಿ ಬಾಳೂ ತಂಡಕ್ಕೆ ಬಂದರು.

ಆಟ ನಡೆಯುವಷ್ಟು ಹೊತ್ತು ಹನ್ನೊಂದು ಜನರೂ ಒಂದೇ ಚೆಂಡು ಮುಟ್ಟುತ್ತಿದ್ದರು. ಚಹಾದ ವಿರಾಮ ಬಂದಾಗ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕುಡಿಯುತ್ತಿದ್ದರು. ಬಾಳೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಕೈ ಮುಖ ತೊಳೆಯಬೇಕಾದರೆ ಅಸ್ಪೃಶ್ಯ ಜಾತಿಯ ಆಳೊಬ್ಬ ಮೈದಾನದ ಮೂಲೆಗೆ ನೀರು ತಂದುಕೊಡಬೇಕು. ತೊಗಲಿನ ಕಸುಬಿನ ಕಾರಣಕ್ಕೆ ಒಂದು ಜಾತಿಯನ್ನು ಮುಟ್ಟದವರು, ತೊಗಲು ಹೊದಿಸಿದ ಚೆಂಡನ್ನು ಆ ಜಾತಿಯವನ ಕೈಯಿಂದಲೇ ಪಡೆದು ದಿನವಿಡೀ ಆಡುತ್ತಿದ್ದರು.

ಬಾಳೂ ಬಂದ ಮೇಲೆ ಪುಣೆಯ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿದರು. ಸಾತಾರಾದ ಬಿಳಿಯರ ಜಿಮ್ಖಾನಾದವರು ಅವರ ಚೆಂಡು ತಿರುಗದಿರಲೆಂದು ಪಿಚ್ಚಿಗೆ ಒಂದು ವಾರ ರೋಲರ್ ಹಾಕಿಸಿದ್ದರಂತೆ. ಆದರೂ ಬಾಳೂ ಏಳು ವಿಕೆಟ್ ಕಿತ್ತು ಗೆಲುವು ತಂದರು. ಈ ಗೆಲುವುಗಳ ನಂತರ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಬಾಳೂ ಅವರನ್ನು ಸಭೆಯಲ್ಲಿ ಗೌರವಿಸಿ, ಜೊತೆಯಲ್ಲಿ ಆಡಬಹುದಾದರೆ ಜೊತೆಯಲ್ಲಿ ಕೂತು ಉಣ್ಣಬಾರದೇಕೆ ಎಂಬ ಪ್ರಶ್ನೆಯನ್ನು ಜನರ ಮುಂದಿಟ್ಟರು. ಸುಧಾರಣೆಯ ಚರ್ಚೆಗೆ ಶಾಸ್ತ್ರಗ್ರಂಥಗಳ ಆಚೆಗಿನ ಒಂದು ಕಣ್ಣೆದುರಿನ ಉದಾಹರಣೆ ಸಿಕ್ಕಿತು.

ಮುಂಬಯಿ ಮತ್ತು 1906ರ ಗೆಲುವು

1896–97ರ ಪ್ಲೇಗಿನ ಕಾಲದಲ್ಲಿ ಬಾಳೂ ಮುಂಬಯಿ ಸೇರಿದರು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿಗೆ ಸೇರಿ ರೈಲ್ವೆ ತಂಡಕ್ಕೂ ಆಡಿದರು. ಆಟಗಾರನಿಗೆ ಕಚೇರಿಯಲ್ಲಿ ನೌಕರಿ ಕೊಟ್ಟು ತಂಡದಲ್ಲಿ ಆಡಿಸುವ, ಮುಂದೆ ದೇಶದಲ್ಲೆಲ್ಲ ಹಬ್ಬಿದ ಪದ್ಧತಿಯ ಆರಂಭದ ಉದಾಹರಣೆಗಳಲ್ಲಿ ಇದೂ ಒಂದು. ಮುಂಬಯಿಯ ಪರಮಾನಂದದಾಸ ಜೀವನದಾಸ ಹಿಂದೂ ಜಿಮ್ಖಾನಾ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲು ಹೊರಟಾಗ ಕೆಲವು ಗುಜರಾತಿ ಸದಸ್ಯರು ವಿರೋಧಿಸಿದರು. ನಾಯಕ ಕೀರ್ತಿಕರ ಪಟ್ಟು ಹಿಡಿದು ಅವರನ್ನು ಒಪ್ಪಿಸಿದರು. ತಮ್ಮ ಶಿವರಾಮ ಕೂಡ ಬಂದ. ಕಾಲಕ್ರಮದಲ್ಲಿ ಈ ಅಣ್ಣತಮ್ಮಂದಿರು ಜಿಮ್ಖಾನಾದ ಉಪಾಹಾರ ಕೋಣೆಯಲ್ಲಿ ಉಳಿದವರ ಜೊತೆ ಕೂತು ಉಣ್ಣುವಂತಾಯಿತು. ಪುಣೆಯ ಕುಡಿಕೆಗೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ.

ಆಗಿನ ಕ್ರಿಕೆಟ್ಟು ಕೋಮುವಾರು ತಂಡಗಳದ್ದು. 1892ರಿಂದ ಪಾರ್ಸಿಗಳು ಮತ್ತು ಯುರೋಪಿಯನ್ನರು ಪ್ರತಿವರ್ಷ ಸೆಣಸುತ್ತಿದ್ದರು. ಹಿಂದೂ ಜಿಮ್ಖಾನಾ ಕೊಟ್ಟ ಸವಾಲನ್ನು ಪಾರ್ಸಿಗಳು ಒಪ್ಪಲಿಲ್ಲ, ಯುರೋಪಿಯನ್ನರು ಒಪ್ಪಿದರು. 1906ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ಹೊಡೆದರು. ಯುರೋಪಿಯನ್ನರು 191 ಮತ್ತು 102ಕ್ಕೆ ಮುಗಿದರು. 109 ರನ್‌ಗಳ ಈ ಗೆಲುವಿನಲ್ಲಿ ಬಾಳೂ ಅವರ ಬೌಲಿಂಗಿನ ಪಾಲು ದೊಡ್ಡದು. ವಂಗ ವಿಭಜನೆಯ ನಂತರ ಸ್ವದೇಶಿ ಚಳವಳಿ ಕಾವೇರಿದ್ದ ಹೊತ್ತು ಅದು. ಆಳುವ ಜನಾಂಗವನ್ನು ಅದರದೇ ಆಟದಲ್ಲಿ ಸೋಲಿಸಿದ ಸುದ್ದಿ ದೇಶವೆಲ್ಲ ಹರಡಿತು. ಕೆ. ನಟರಾಜನ್ ಅವರ ‘ಇಂಡಿಯನ್ ಸೋಶಿಯಲ್ ರಿಫಾರ್ಮರ್’ ಪತ್ರಿಕೆ ಇದರಿಂದ ಇನ್ನೊಂದು ಪಾಠ ತೆಗೆಯಿತು: ಜಾತಿಯ ಕಟ್ಟು ಸಡಿಲಿಸಿ ಚಮ್ಮಾರ ಸಹೋದರರನ್ನು ಒಳಗೆ ಬಿಟ್ಟಿದ್ದರಿಂದಲೇ ಈ ಗೆಲುವು ಬಂದದ್ದು ಎಂದು ಅದು ಬರೆಯಿತು. ಮರುವರ್ಷವೂ ಹಿಂದೂಗಳು ಯುರೋಪಿಯನ್ನರನ್ನು ಮಣಿಸಿದರು. ಪಾರ್ಸಿಗಳು ಸೇರಿ ಪಂದ್ಯಾವಳಿ ತ್ರಿಕೋನವಾಯಿತು. 1912ರಲ್ಲಿ ಮುಸ್ಲಿಮರ ತಂಡವೂ ಸೇರಿ ಚತುಷ್ಕೋನವಾಯಿತು.

1911ರ ಇಂಗ್ಲೆಂಡ್ ಪ್ರವಾಸ

ಎಲ್ಲ ಕೋಮುಗಳ ಆಟಗಾರರನ್ನು ಕೂಡಿಸಿದ ಮೊದಲ ಅಖಿಲ ಭಾರತ ತಂಡ 1911ರಲ್ಲಿ ಇಂಗ್ಲೆಂಡಿಗೆ ಹೋಯಿತು. ಪಟಿಯಾಲಾದ ಹತ್ತೊಂಬತ್ತರ ಹರೆಯದ ಮಹಾರಾಜ ಭೂಪಿಂದರ್ ಸಿಂಗ್ ನಾಯಕ. ಮೈಸೂರಿನ ಬಿ. ಜಯರಾಮ್, ಮುಂಬಯಿಯ ಎಂ. ಡಿ. ಪೈ, ಬಾಳೂ ಮತ್ತು ಶಿವರಾಮ ತಂಡದಲ್ಲಿದ್ದರು. ಮಹಾರಾಜ ಹೆಚ್ಚಿನ ಸಮಯ ಆತಿಥ್ಯಗಳಲ್ಲಿ ಕಳೆದು ಬೇಗ ತಂಡ ಬಿಟ್ಟರು. ತಂಡ ಆಡಿದ 23 ಪಂದ್ಯಗಳಲ್ಲಿ 6 ಗೆದ್ದು 15 ಸೋತಿತು.

ಸೋಲುಗಳ ನಡುವೆ ಎದ್ದು ಕಾಣುವ ಹೆಸರು ಬಾಳೂ ಅವರದು. ಆಗ ಅವರಿಗೆ ಮೂವತ್ತೈದರ ಸುಮಾರು. ಭುಜದ ನೋವೂ ಕಾಡುತ್ತಿತ್ತು. ಹುಲ್ಲು ಹಾಸಿದ, ತೇವದ ಇಂಗ್ಲಿಷ್ ಪಿಚ್ಚು ಅವರಿಗೆ ಹೊಸದು. ಹಾಗಿದ್ದರೂ ಪ್ರವಾಸದುದ್ದಕ್ಕೂ ಅವರು ಪಡೆದ ವಿಕೆಟ್ಟುಗಳು 114, ಸರಾಸರಿ 18.84. ಇವುಗಳಲ್ಲಿ 75 ಪ್ರಥಮ ದರ್ಜೆ ಪಂದ್ಯಗಳಲ್ಲಿ ಬಂದವು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ರನ್‌ಗೆ 8 ವಿಕೆಟ್ ಪಡೆದದ್ದು ಅವರ ಜೀವಮಾನದ ಅತ್ಯುತ್ತಮ ಸಾಧನೆ. ಲೆಸ್ಟರ್‌ಶೈರ್ ವಿರುದ್ಧ ಅವರು 11 ವಿಕೆಟ್ ಕಿತ್ತು ತಂಡಕ್ಕೆ ಕೌಂಟಿ ತಂಡವೊಂದರ ಮೇಲೆ ಮೊದಲ ಗೆಲುವು ತಂದುಕೊಟ್ಟರು. ಅದರ ಬೆನ್ನಿಗೆ ಸಾಮರ್ಸೆಟ್ ವಿರುದ್ಧ ಶಿವರಾಮ ಔಟಾಗದೆ 113 ಹೊಡೆದು ಒಂದು ವಿಕೆಟ್ಟಿನ ಗೆಲುವು ದೊರಕಿಸಿದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಆ ತಂಡ ಗೆದ್ದದ್ದು ಈ ಎರಡನ್ನೇ, ಎರಡರಲ್ಲೂ ಪಲ್ವಣಕರ ಸಹೋದರರ ಕೈ ಇತ್ತು.

ಬಾಳೂ ಮುಂಬಯಿಗೆ ಮರಳಿದಾಗ ಅಸ್ಪೃಶ್ಯ ಸಮುದಾಯದವರು ಸನ್ಮಾನ ಸಭೆ ನಡೆಸಿದರು. ಅಂದಿನ ಮಾನಪತ್ರ ಸಿದ್ಧಪಡಿಸಿದವರು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಎಂದು ಹೇಳಲಾಗುತ್ತದೆ. ಆ ತಲೆಮಾರಿನ ದಲಿತ ಯುವಕರಿಗೆ, ತಮ್ಮ ನಡುವಿನಿಂದ ಎದ್ದು ದೇಶದ ಹೆಸರಿನಲ್ಲಿ ಆಡಿ ಬಂದ ಮೊದಲ ಮನುಷ್ಯ ಬಾಳೂ.

ತಪ್ಪಿದ ನಾಯಕತ್ವ

1910ರ ನಂತರ ಹಿಂದೂ ತಂಡದ ಅತ್ಯಂತ ಅನುಭವಿ ಆಟಗಾರ ಬಾಳೂ ಅವರೇ. ಪ್ರತಿವರ್ಷ ನಾಯಕನ ಆಯ್ಕೆಯ ಹೊತ್ತಿಗೆ ಅವರ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು, ಪ್ರತಿವರ್ಷವೂ ಮೇಲ್ಜಾತಿಯ ಬೇರೊಬ್ಬರು ಆಯ್ಕೆಯಾಗುತ್ತಿದ್ದರು. 1913ರಲ್ಲಿ ನಾಯಕರಾದ ಎಂ. ಡಿ. ಪೈ, ಈ ಗೌರವ ನಿಜಕ್ಕೂ ಗೆಳೆಯ ಬಾಳೂ ಅವರಿಗೆ ಸಲ್ಲಬೇಕಿತ್ತು ಎಂದು ಬಹಿರಂಗವಾಗಿ ಹೇಳಿದರು. ಆಯ್ಕೆದಾರರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಹೊತ್ತಿಗೆ ಕಿರಿಯ ತಮ್ಮಂದಿರಾದ ಗಣಪತ ಮತ್ತು ವಿಠ್ಠಲ ಕೂಡ ತಂಡದಲ್ಲಿ ಆಡತೊಡಗಿದ್ದರು. ಒಂದೇ ಮನೆಯ ನಾಲ್ವರು ದೊಡ್ಡ ಪಂದ್ಯಾವಳಿಯಲ್ಲಿ ಹೆಸರು ಮಾಡಿದ್ದು ಆ ಕಾಲದಲ್ಲಿ ಅಪರೂಪ.

1920ರಲ್ಲಿ ವಿಷಯ ಬೀದಿಗೆ ಬಂತು. ನಾಯಕ ಪೈ ಕಾಯಿಲೆ ಬಿದ್ದಾಗ ನಾಯಕತ್ವವನ್ನು ಪುಣೆಯ ಡಿ. ಬಿ. ದೇವಧರ್ ಅವರಿಗೆ ಕೊಡಲಾಯಿತು. ದೇವಧರ್ ಒಳ್ಳೆಯ ಬ್ಯಾಟ್ಸ್‌ಮನ್, ಆದರೆ ಅನುಭವದಲ್ಲಿ ಪಲ್ವಣಕರ ಸಹೋದರರಿಗಿಂತ ಕಿರಿಯರು. ಬಾಳೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ಶಿವರಾಮ ಮತ್ತು ವಿಠ್ಠಲ ತಂಡದಿಂದ ಹಿಂದೆ ಸರಿದು, ಇದು ಜಾತಿಯ ಕಾರಣಕ್ಕೆ ತಮಗೆ ಆದ ಅವಮಾನ ಎಂದು ಬಹಿರಂಗ ಹೇಳಿಕೆ ಕೊಟ್ಟರು. ಗಾಂಧೀಜಿಯವರ ಅಸಹಕಾರ ಚಳವಳಿ ದೇಶವನ್ನು ಹಿಡಿದಿದ್ದ ಕಾಲದಲ್ಲಿ ಈ ಸಹೋದರರು ತಮ್ಮ ತಂಡದೊಳಗೇ ಅಸಹಕಾರ ಹೂಡಿದರು. ಜನರ ಬೆಂಬಲ ಸಹೋದರರ ಕಡೆಗೆ ವಾಲಿತು. ಮುಂದಿನ ಪಂದ್ಯಕ್ಕೆ ಬಾಳೂ ಅವರನ್ನು ಕರೆದು ಉಪನಾಯಕನ ಸ್ಥಾನ ಕೊಟ್ಟರು, ತಮ್ಮಂದಿರೂ ಮರಳಿದರು. ಚೇತರಿಸಿಕೊಂಡು ಬಂದಿದ್ದ ಪೈ, ಪಂದ್ಯದ ನಡುವೆ ಮೈದಾನದಿಂದ ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಾಳೂ ತಂಡ ನಡೆಸುವಂತೆ ಮಾಡಿದರು. ನಲವತ್ತನ್ನು ದಾಟಿದ್ದ ಬಾಳೂ ಅವರಿಗೆ ದಕ್ಕಿದ ನಾಯಕತ್ವ ಅಷ್ಟೇ. ಅಲ್ಲಿಗೆ ಅವರ ಆಟ ಮುಗಿಯಿತು.

ಅಣ್ಣನಿಗೆ ಸಿಗದದ್ದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಸೋಲಿಸಿ ಚತುಷ್ಕೋನ ಗೆದ್ದರು. ಗೆದ್ದ ನಾಯಕನನ್ನು ಮೇಲ್ಜಾತಿಯ ಅಭಿಮಾನಿಗಳೂ ಹೆಗಲ ಮೇಲೆ ಹೊತ್ತರು. ವಿಠ್ಠಲ 1948ರಲ್ಲಿ ಪ್ರಕಟಿಸಿದ ಮರಾಠಿ ಆತ್ಮಕಥೆ ‘ಮಾಝೇ ಕ್ರೀಡಾಜೀವನ’ ಈ ಕುಟುಂಬದ ಕಥೆಗೆ ಮುಖ್ಯ ಆಧಾರ.

ಅಮೆರಿಕದಲ್ಲೂ ಅದೇ 1920 ಒಂದು ಗಡಿರೇಖೆ. ಟೆಕ್ಸಸ್‌ನಲ್ಲಿ ಹುಟ್ಟಿದ ಕಪ್ಪು ಜನಾಂಗದ ಪಿಚರ್ ರೂಬ್ ಫಾಸ್ಟರ್ ತನ್ನ ಕಾಲದ ಅತ್ಯುತ್ತಮರಲ್ಲಿ ಒಬ್ಬ. ಆದರೆ ಮೈಬಣ್ಣದ ಕಾರಣಕ್ಕೆ ಮೇಜರ್ ಲೀಗುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅವರು 1920ರ ಫೆಬ್ರವರಿಯಲ್ಲಿ ಕಾನ್ಸಾಸ್ ಸಿಟಿಯಲ್ಲಿ ಕಪ್ಪು ಜನರದ್ದೇ ಆದ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಜಾಕಿ ರಾಬಿನ್ಸನ್ 1947ರಲ್ಲಿ ಮೇಜರ್ ಲೀಗ್ ಪ್ರವೇಶಿಸುವವರೆಗೂ ಆ ಬಾಗಿಲು ತೆರೆಯಲಿಲ್ಲ. ಫಾಸ್ಟರ್ ಅವರನ್ನು ಆಟದ ಹೊರಗೇ ನಿಲ್ಲಿಸಿದರು. ಬಾಳೂ ಅವರನ್ನು ಒಳಗೆ ಕರೆದು, ವಿಕೆಟ್ ತೆಗೆಸಿಕೊಂಡು, ಮುಂದಾಳು ಆಗಗೊಡಲಿಲ್ಲ. ಎರಡು ದೇಶಗಳ ಎರಡು ರೀತಿ. ಅನ್ಯಾಯ ಮಾತ್ರ ಒಂದೇ ಜಾತಿಯದು.

ರಾಜಕೀಯ ಮತ್ತು ಕೊನೆಯ ವರ್ಷಗಳು

ಆಟ ಬಿಟ್ಟ ಮೇಲೆ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. ಗಾಂಧೀಜಿಯವರ ಬಗ್ಗೆ ಅವರಿಗೆ ಗೌರವವಿತ್ತು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ಅವರ ನಿಲುವನ್ನು ಅವರು ಒಪ್ಪಲಿಲ್ಲ. ಈ ವಿವಾದವನ್ನು ಬಗೆಹರಿಸಲು 1932ರ ಸೆಪ್ಟೆಂಬರ್ 24ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಳೂ ಕೂಡ ಒಬ್ಬರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಮುಂಬಯಿಯ ಮೀಸಲು ಸ್ಥಾನಕ್ಕೆ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಅಂಬೇಡ್ಕರ್ ನಿಂತಾಗ ಕಾಂಗ್ರೆಸ್ ಅವರೆದುರು ನಿಲ್ಲಿಸಿದ್ದು ಬಾಳೂ ಅವರನ್ನು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು. ಬಾಳೂ ಅವರಿಗೆ 11,225 ಬಂದವು. ಯಾರ ಮಾನಪತ್ರಕ್ಕೆ ಯುವಕ ಅಂಬೇಡ್ಕರ್ ಕೈಹಾಕಿದ್ದರೋ ಅವರೇ ಎದುರಾಳಿ. ಒಂದೇ ಗುರಿಗೆ ಎರಡು ದಾರಿ ಹಿಡಿದವರ ಸ್ಪರ್ಧೆ ಅದು.

ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಲಾರ್ಡ್ಸ್‌ನಲ್ಲಿ. ಬಾಳೂ ಅವರಿಗೆ ಆಗ ಐವತ್ತಾರರ ಸುಮಾರು. ಕೋಮುವಾರು ಪಂದ್ಯಾವಳಿ 1945–46ರ ಹೊತ್ತಿಗೆ ನಿಂತಿತು. ಬಾಳೂ 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಮೇಲೆ ಸುಮಾರು ಅರ್ಧ ಶತಮಾನ ಅವರ ಹೆಸರು ಹೆಚ್ಚಾಗಿ ಮರೆತೇಹೋಗಿತ್ತು. 2001ರ ‘ಲಗಾನ್’ ಚಿತ್ರದ ಅಸ್ಪೃಶ್ಯ ಸ್ಪಿನ್ನರ್ ಕಚ್ರಾ ಪಾತ್ರವನ್ನು ಕಂಡು ಹಲವರು ಬಾಳೂ ಅವರನ್ನು ನೆನೆದರು. 2002ರಲ್ಲಿ ಬಂದ ಇತಿಹಾಸಕಾರ ರಾಮಚಂದ್ರ ಗುಹಾ ಅವರ ಕ್ರಿಕೆಟ್ ಚರಿತ್ರೆ ಅವರ ಬದುಕನ್ನು ದಾಖಲೆಗಳ ಸಮೇತ ಮತ್ತೆ ಬೆಳಕಿಗೆ ತಂದಿತು.

ಕೊಪ್ಪಳದ ಕಡೆ

ಬಾಳೂ ಹುಟ್ಟಿದ ಧಾರವಾಡ ಜಿಲ್ಲೆಯಲ್ಲಿ ಆಗ ಗದಗ, ಮುಂಡರಗಿಗಳೂ ಇದ್ದವು. ಅವುಗಳನ್ನು ದಾಟಿ ಪೂರ್ವಕ್ಕೆ, ಇಂದಿನ ಕೊಪ್ಪಳ ಜಿಲ್ಲೆಯ ಕಡೆಗೆ ಬಂದರೆ ಮುಂಬಯಿ ಪ್ರಾಂತ್ಯ ಮುಗಿದು ಹೈದರಾಬಾದ್ ನಿಜಾಮರ ಸೀಮೆ. ಗಂಗಾವತಿ, ಕುಷ್ಟಗಿಗಳು ಆ ಸೀಮೆಗೆ ಸೇರಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹುಬ್ಬಳ್ಳಿ, ಗದಗಿನಿಂದ ಹೊಸಪೇಟೆಗೆ ಹೋಗುವ ರೈಲು ಕೊಪ್ಪಳದ ಮೇಲೆಯೇ ಹಾದುಹೋಗುತ್ತಿತ್ತು. ಆದರೆ ಆಗಿನ ಕ್ರಿಕೆಟ್ಟು ದಂಡುಪ್ರದೇಶ, ಕಾಲೇಜು ಮತ್ತು ಜಿಮ್ಖಾನಾಗಳ ಬೆನ್ನು ಹತ್ತಿ ಬೆಳೆದ ಆಟ. ನಿಜಾಮರ ರಾಜ್ಯದಲ್ಲಿ ಅದು ಸಿಕಂದರಾಬಾದ್, ಹೈದರಾಬಾದುಗಳಲ್ಲಿ ಬೇರೂರಿತು. ಮೊಯಿನ್ ಉದ್ ದೌಲಾ ಗೋಲ್ಡ್ ಕಪ್ 1930–31ರಲ್ಲಿ ಶುರುವಾದದ್ದೂ ಅಲ್ಲಿಯೇ. ಬಾಳೂ ಅವರಂಥ ಕೈಚಳಕದ ಹುಡುಗ ಆ ಕಾಲದಲ್ಲಿ ಯಲಬುರ್ಗಾದ ಸಮಗಾರ ಓಣಿಯಲ್ಲಿ ಹುಟ್ಟಿದ್ದರೆ ಅವನಿಗೆ ರೋಲರ್ ಎಳೆಯಲು ಒಂದು ಮೈದಾನವೂ ಸಿಗುತ್ತಿರಲಿಲ್ಲ. ಪ್ರತಿಭೆ ಎಲ್ಲಿಯೂ ಹುಟ್ಟೀತು. ಅದು ಬೆಳೆಯಲು ನಿಂತ ನೆಲ ಬೇಕು.

ಇಂದು ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಕ್ರಿಕೆಟ್ ಆಡದ ಹುಡುಗರಿಲ್ಲ. ಮೈದಾನದ ಸಮಸ್ಯೆ ಎಷ್ಟೋ ಕಡಿಮೆಯಾಗಿದೆ. ಆದರೆ ಪುಣೆಯ ಪೆವಿಲಿಯನ್ನಿನ ಹೊರಗೆ ನಿಲ್ಲಿಸಿದ ಆ ಪದ್ಧತಿ ಪೂರ್ತಿ ಸತ್ತಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರಿಗೆ ಹೋಟೆಲು ಮತ್ತು ಕ್ಷೌರದಂಗಡಿಗಳಲ್ಲಿ ಪ್ರವೇಶ ನಿರಾಕರಿಸಿದ್ದು ಜಗಳಕ್ಕೆ ಮೂಲವಾಗಿ, 2014ರ ಆಗಸ್ಟ್‌ನಲ್ಲಿ ದಲಿತರ ಮೇಲೆ ಹಲ್ಲೆ ನಡೆಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟಿಗೆ ಹೋಯಿತು. 2021ರಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಮಗುವೊಂದು ಗುಡಿಯೊಳಗೆ ಹೋದದ್ದಕ್ಕೆ ಅದರ ಕುಟುಂಬಕ್ಕೆ ದಂಡ ಹಾಕಿದ ಸುದ್ದಿಯೂ ನಾಡಿಗೆಲ್ಲ ಗೊತ್ತಿದೆ. ಬಾಳೂ ಅವರ ಕಥೆ ಕೊಪ್ಪಳ ಭಾಗದ ಓದುಗರಿಗೆ ದೂರದ ಚರಿತ್ರೆಯಲ್ಲ.

ಬಾಳೂ ಪಲ್ವಣಕರ ಅವರ ಸ್ಥಾನ ಕ್ರಿಕೆಟ್ಟಿನ ಅಂಕಿಗಳಲ್ಲಿ ಭದ್ರವಾಗಿದೆ. 179 ವಿಕೆಟ್ಟುಗಳನ್ನು ಯಾವ ಆಯ್ಕೆ ಸಮಿತಿಯೂ ಅಳಿಸಲಾರದು. ತಂಡದ ನಾಯಕರಾಗದೆ ಹೋದದ್ದು ಅವರ ಆಟಕ್ಕೆ ಬಂದ ಕುಂದಲ್ಲ. ಅದು ಆಯ್ಕೆ ಮಾಡಿದವರ ಹೆಸರಿಗೆ ಅಂಟಿದ ಕಳಂಕ. ಧಾರವಾಡದ ಈ ಮಗನ ಹೆಸರು ಕನ್ನಡದ ಶಾಲಾ ಪಠ್ಯಗಳಿಗೆ ಬರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ವರ್ಷವೂ ನಡೆಯುವ ಪಂದ್ಯಾವಳಿಗಳಲ್ಲಿ ಒಂದಾದರೂ ಬಾಳೂ ಅವರ ಹೆಸರಿನಲ್ಲಿ ನಡೆಯಲಿ. ಅಲ್ಲಿ ಆಡಿದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಲಿ.